ದೂರದ್ದಕ್ಕೆ ಗೆರೆ, ಹತ್ತಿರದ್ದಕ್ಕೆ ರೊಟ್ಟಿ

ಪಟ್ಟಿ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಸುರಪುರದ ಒಂದು ಕಾಲೇಜಿನಲ್ಲಿ ವಾರಕ್ಕೆ ನಾಲ್ಕು ದಿನ ಪರಿಸರ ವಿಜ್ಞಾನ ಹೇಳಿಕೊಡುವ ಅತಿಥಿ ಉಪನ್ಯಾಸಕಿ ನಾನು. ಫಲಿತಾಂಶ ಬಂದ ವಾರದಲ್ಲಿ ಹುಡುಗಿಯರು ಮೊಬೈಲಿನಲ್ಲಿ ವಿಶ್ವವಿದ್ಯಾಲಯಗಳ ಶ್ರೇಯಾಂಕದ ಪಟ್ಟಿ ಹಿಡಿದುಕೊಂಡು ಬರುತ್ತಾರೆ. “ಮಿಸ್, ಇದು ಏಳನೇ ನಂಬರಿನ್ಯಾಗ ಅದ, ಇದು ಹನ್ನೊಂದರಾಗ ಅದ. ಯಾವುದು ಹಾಕ್ಲಿರಿ?” ಎನ್ನುತ್ತಾರೆ. ಆ ಮೊಬೈಲನ್ನು ಕಸಿದು ಕಿಟಕಿಯಿಂದ ಆಚೆ ಎಸೆಯಬೇಕೆನಿಸುತ್ತದೆ. ಎಸೆಯುವುದಿಲ್ಲ. ಅತಿಥಿ ಉಪನ್ಯಾಸಕಿಗೆ ಅಷ್ಟೆಲ್ಲ ಅಧಿಕಾರವಿಲ್ಲ.

ಪಟ್ಟಿಗೂ ನಮ್ಮ ಜಿಲ್ಲೆಗೂ ಹಳೆಯ ನಂಟು. ಹತ್ತನೇ ತರಗತಿಯ ಫಲಿತಾಂಶದ ದಿನ ರಾಜ್ಯದ ಜಿಲ್ಲೆಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರಲ್ಲ, ಆಗ ಯಾದಗಿರಿಯವರು ಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಹುಡುಕುವ ಶ್ರಮ ಉಳಿಯುತ್ತದೆ. ರಸ್ತೆಯ ಪಟ್ಟಿ ಬರಲಿ, ದವಾಖಾನೆಯ ಪಟ್ಟಿ ಬರಲಿ, ನಾವು ತಳದಲ್ಲಿ ಎಲ್ಲೋ ಕೂತಿರುತ್ತೇವೆ. ಹೀಗೆ ಬೆಳೆದವರಿಗೆ ಪಟ್ಟಿಯ ಮೇಲೆ ದ್ವೇಷ ಬರಬೇಕು. ನನಗೆ ಬಂದದ್ದು ಭಕ್ತಿ. ತಳದ ಸಾಲು ನಿಜವೆಂದು ಚಿಕ್ಕಂದಿನಿಂದಲೇ ಒಪ್ಪಿಕೊಂಡಿದ್ದೆ, ಹಾಗಾಗಿ ತುದಿಯ ಸಾಲೂ ನಿಜವೇ ಇರಬೇಕು ಅನ್ನಿಸಿತ್ತು. ಮೇಲಿನದನ್ನು ಹಿಡಿದುಕೊಂಡರೆ ನಾನೂ ಮೇಲೆ ಹೋಗುತ್ತೇನೆ ಎಂದು ನಂಬಿದ್ದೆ.

ನಮ್ಮ ಮನೆ ಇರುವುದು ಶಹಾಪುರದಲ್ಲಿ. ಊರಿನ ಗುಡ್ಡದ ಸಾಲು ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಎಲ್ಲ ಸರಿಯಾಗಿ. ಹೊರಗಿನವರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಚಿಕ್ಕವಳಿದ್ದಾಗ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇಷ್ಟು ದೊಡ್ಡ ಬಂಡೆಗಳನ್ನು ಒಂದರ ಮೇಲೊಂದು ಇಟ್ಟವರು ಯಾರು? ಅವ್ವ “ದೇವರು” ಅನ್ನುತ್ತಿದ್ದಳು. ಅಪ್ಪ “ನನಗೇನ್ ಗೊತ್ತು, ನಾ ಅಂತೂ ಇಟ್ಟಿಲ್ಲ” ಅನ್ನುತ್ತಿದ್ದ. ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೊಂಡ ಮೇಲೆ ಉತ್ತರ ಸಿಕ್ಕಿತು. ಯಾರೂ ಇಟ್ಟಿದ್ದಲ್ಲ. ಒಂದೇ ಕಲ್ಲು ಬಿರುಕು ಬಿಟ್ಟು, ಬಿರುಕಿನ ಅಂಚುಗಳು ಸವೆದು ಮಣ್ಣಾಗಿ, ಮಣ್ಣೆಲ್ಲ ತೊಳೆದುಹೋಗಿ ಉಳಿದದ್ದು ಈ ಗುಂಡುಗಳು. ಕಲ್ಲನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಒಳಗಿನ ಹರಳುಗಳು ಬಣ್ಣಬಣ್ಣವಾಗಿ ಕಾಣುತ್ತವೆ ಎಂದೂ ನಮ್ಮ ಸರ್ ಹೇಳಿದ್ದರು. ಆ ಕಾಲೇಜಿನಲ್ಲಿ ಅಂಥ ಸಲಕರಣೆ ಇರಲಿಲ್ಲ. ಎಂ.ಎಸ್ಸಿ. ಸೇರಬೇಕು, ನಮ್ಮ ಗುಡ್ಡದ ಒಂದು ಚೂರನ್ನು ನನ್ನ ಕೈಯಾರೆ ಕೊಯ್ದು ಅದರ ಒಳಗನ್ನು ನೋಡಬೇಕು ಎಂಬುದು ಒಂದೇ ಆಸೆಯಾಗಿತ್ತು.

ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಬಂತು. ಒಂದು ಮೂರು ತಾಸಿನ ದಾರಿ. ಇನ್ನೊಂದು, ಸಂಜೆ ಬಸ್ಸು ಹತ್ತಿದರೆ ಮರುದಿನ ಮಧ್ಯಾಹ್ನ ಮುಟ್ಟುವಷ್ಟು ದೂರ. ಮನೆಯಲ್ಲಿ ಅವುಗಳ ಉದ್ದುದ್ದ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಹತ್ತಿರದ್ದು, ದೂರದ್ದು ಎಂದೇ ಕರೆದೆವು. ಹತ್ತು ದಿನದೊಳಗೆ ಒಂದಕ್ಕೆ ಮೂಲ ದಾಖಲೆಗಳನ್ನು ಕೊಟ್ಟು ಸೇರಬೇಕು. ಸೇರಿದರೆ ಇನ್ನೊಂದು ಕೈಬಿಟ್ಟ ಹಾಗೆ. ಅಪ್ಪ ಮೊದಲೇ ಹೇಳಿಬಿಟ್ಟಿದ್ದ: “ಎರಡು ವರ್ಷ ಹ್ಯಾಂಗರ ಮಾಡಿ ಓದಸ್ತೀನಿ ಯವ್ವಾ. ತಪ್ಪಾತು, ಮತ್ತ ಮೊದಲಿಂದ ಶುರು ಮಾಡ್ತೀನಿ ಅನ್ನಬ್ಯಾಡ.”

ನಾನು ಇನ್ನೂರು ಪುಟದ ನೋಟ್‌ಬುಕ್ ತಂದು ಗೆರೆ ಎಳೆದು ಸಂಶೋಧನೆಗೆ ಕೂತೆ. ನಾಲ್ಕು ದಿನದಲ್ಲಿ ತಲೆ ಚಿಟ್ಟು ಹಿಡಿಯಿತು. ಒಂದು ಪಟ್ಟಿಯಲ್ಲಿ ದೂರದ್ದು ಎಷ್ಟು ಮೇಲಿತ್ತೆಂದರೆ ನಾನು ಅದನ್ನು ಅವ್ವನಿಗೆ ಓದಿ ಹೇಳಿದೆ. ಇನ್ನೊಂದು ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಮೂರನೆಯದರಲ್ಲಿ ಅದಕ್ಕೆ ನಕ್ಷತ್ರ ಬೇರೆ ಕೊಟ್ಟಿದ್ದರು, ಆದರೆ ಪುಟದ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಜಾಹೀರಾತು’ ಎಂದಿತ್ತು. ಒಂದು ಪಟ್ಟಿ ಅಧ್ಯಾಪಕರನ್ನು ಎಣಿಸಿದರೆ ಇನ್ನೊಂದು ಕಟ್ಟಡಗಳನ್ನು ಎಣಿಸುತ್ತದೆ. ಮತ್ತೊಂದು ‘ಜನರಲ್ಲಿರುವ ಹೆಸರು’ ಎಂಬುದಕ್ಕೂ ಅಂಕ ಕೊಡುತ್ತದೆ. ಯಾವ ಜನರನ್ನು ಕೇಳಿದರೋ, ಶಹಾಪುರದಲ್ಲಂತೂ ಯಾರನ್ನೂ ಕೇಳಿಲ್ಲ. ಹತ್ತಿರದ್ದು ಎರಡು ಪಟ್ಟಿಗಳಲ್ಲಿ ಇಲ್ಲವೇ ಇಲ್ಲ. ಮೂರನೆಯದರಲ್ಲಿ ಅದನ್ನು ಇನ್ನೂ ಹಲವುಗಳ ಜೊತೆ ಕೊನೆಗೆ ಒಂದೇ ಗುಂಪು ಮಾಡಿ ಹಾಕಿದ್ದರು, ಸಂತೆಯಲ್ಲಿ ಉಳಿದ ಬದನೆಕಾಯಿಯನ್ನು ಸಂಜೆಗೆ ಗುಡ್ಡೆ ಹಾಕುತ್ತಾರಲ್ಲ, ಹಾಗೆ. ಯಾವ ಪಟ್ಟಿಯಲ್ಲೂ ಭೂವಿಜ್ಞಾನ ಎಂಬ ಪದವೇ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಬಿದ್ದರೂ ಪುಟ ತಿರುವಿದೆ.

ಫೋನ್ ಕೂಡ ಮಾಡಿದೆ. ದೂರದ್ದರ ವಿಭಾಗದ ನಂಬರಿಗೆ ಮೂರು ದಿನ ಮಾಡಿದರೂ ಗಂಟೆ ಬಾರಿಸಿ ಬಾರಿಸಿ ನಿಂತುಹೋಯಿತು. ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಯಾರೋ ಎತ್ತಿ “ಎಲ್ಲರೂ ಊಟಕ್ಕೆ ಹೋಗಿದ್ದಾರೆ” ಎಂದು ಇಟ್ಟರು. ಹತ್ತಿರದ್ದಕ್ಕೆ ಮಾಡಿದರೆ ಎರಡನೇ ರಿಂಗಿಗೇ ಒಬ್ಬ ಅಧ್ಯಾಪಕರು ಎತ್ತಿಕೊಂಡರು. “ಶಹಾಪುರದವರೇನಮ್ಮ? ಪ್ರತಿ ವರ್ಷ ನಮ್ಮ ಹುಡುಗರನ್ನ ನಿಮ್ಮ ಗುಡ್ಡಕ್ಕೇ ಕರಕೊಂಡು ಬರ್ತೀವಲ್ಲ. ಕಲ್ಲು ಕೊಯ್ಯೋ ಮಷಿನ್ ಹಳೇದು ಅದ, ಆದ್ರ ನಡೀತದ. ಬರ್ರಿ, ನಿಮ್ಮ ಕೈಲೇ ಕೊಯ್ಯಬಹುದು” ಎಂದರು. ನನಗೆ ಬೇಕಾದದ್ದನ್ನು ಅಷ್ಟೂ ಒಂದೇ ಉಸಿರಿನಲ್ಲಿ ಹೇಳಿದರು ಪುಣ್ಯಾತ್ಮ. ನಾನು ಏನು ಯೋಚಿಸಿದೆ ಗೊತ್ತೆ? ಇವರು ನೋಡಲು ಬರುವುದು ನಮ್ಮ ಮನೆಯ ಹಿಂದಿನ ಗುಡ್ಡವನ್ನು. ಅದನ್ನು ನೋಡಲು ನಾನು ಇವರಲ್ಲಿಗೆ ಯಾಕೆ ಹೋಗಬೇಕು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಇತ್ತ ಅಪ್ಪನೂ ಸುಮ್ಮನೆ ಕೂತಿರಲಿಲ್ಲ. ಅವನದು ಶಹಾಪುರದಿಂದ ಗೋಗಿ ಹಳ್ಳಿಗೆ ಓಡುವ ಟಂಟಂ, ಮೂರು ಗಾಲಿಯ ಬಾಡಿಗೆ ಗಾಡಿ. ಸವಾರಿ ತುಂಬುವ ತನಕ ಟಂಟಂ ಹೊರಡುವುದಿಲ್ಲ. ಆ ಅರ್ಧ ತಾಸು ಊರ ಸುದ್ದಿಯೆಲ್ಲ ಅದರೊಳಗೇ ಇತ್ಯರ್ಥವಾಗುತ್ತದೆ. ಅಪ್ಪ ತನ್ನ ಸೀಟಿನ ಪಕ್ಕದ ತಗಡಿನ ಮೇಲೆ ಸೀಮೆಸುಣ್ಣದಿಂದ ಎರಡು ಗುರುತು ಬರೆದಿದ್ದ. ದೂರದ್ದಕ್ಕೆ ಒಂದು ಉದ್ದನೆಯ ಗೆರೆ, ರಸ್ತೆ ಅದು. ಹತ್ತಿರದ್ದಕ್ಕೆ ದುಂಡನೆಯ ರೊಟ್ಟಿ, ಯಾಕೆಂದರೆ ಅಲ್ಲಿಯ ಹಾಸ್ಟೆಲಿನಲ್ಲಿ ಜೋಳದ ರೊಟ್ಟಿ ಸಿಗುತ್ತದೆಂದು ಯಾರೋ ಹೇಳಿದ್ದರು. ಕೂತ ಸವಾರಿಗಳನ್ನೆಲ್ಲ “ನನ್ನ ಮಗಳಿಗಿ ಯಾವುದು ಚಲೋ ಅಂತೀರಿ?” ಎಂದು ಕೇಳಿ ಒಂದೊಂದು ಮತಕ್ಕೆ ಒಂದೊಂದು ಸಣ್ಣ ಗೀರು ಎಳೆಯುತ್ತಿದ್ದ.

ವಿಷಯ ತಿಳಿದು ನನಗೆ ಸಿಟ್ಟು ನೆತ್ತಿಗೇರಿತು. ಅದನ್ನು ನಿಲ್ಲಿಸಲೆಂದೇ ಒಂದು ದಿನ ಮಧ್ಯಾಹ್ನ ಟಂಟಂ ಹತ್ತಿ ಅಪ್ಪನ ಪಕ್ಕದಲ್ಲಿ ಕೂತೆ. ನನ್ನ ಕಣ್ಣೆದುರೇ ಮತದಾನ ನಡೆಯಿತು. ಒಬ್ಬ ಅಜ್ಜ “ರಾಯಚೂರಿಗಿ ಹಾಕ್ರಿ, ಅಲ್ಲಿ ನಮ್ಮ ಅಳಿಯ ಅದಾನ” ಎಂದ. ರಾಯಚೂರು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಅದಕ್ಕೂ ಹತ್ತಿರದ್ದರ ಹಾಗೆ ಒಂದೇ ಬಸ್ಸು ಸಾಕೆಂದು ಅಪ್ಪ ಆ ಗೀರನ್ನು ರೊಟ್ಟಿಯ ಬಳಿ ಹಾಕಿದ. ಒಬ್ಬಾಕೆ “ದೂರದ್ದೇ ಚಲೋ ರೀ, ದೂರದಾಗ ಇದ್ರ ಹುಡುಗೂರಿಗಿ ಅಕ್ಕಲ್, ಬುದ್ಧಿ ಬರ್ತದ” ಎಂದಳು. ಇನ್ನೊಬ್ಬಾಕೆಯ ಅತ್ತೆಗೆ ಕಣ್ಣಿನ ಆಪರೇಶನ್ ಆದ ಊರು ಯಾವುದೋ, ಅದೇ ಶ್ರೇಷ್ಠ.

“ಯಪ್ಪಾ, ಇದೇನ್ ಹುಚ್ಚಾಟ? ಸಂತ್ಯಾಗ ಎತ್ತಿನ ಹಲ್ಲು ನೋಡೂದಲ್ಲ ಇದು” ಎಂದೆ.

“ನಿನ್ನ ಪಟ್ಟಿ ಮಾಡಿದವರು ಯಾರ ಅನ್ನೂದರೆ ನಿನಗ ಗೊತ್ತೇನು? ನಾ ಕೇಳಾಕತ್ತವರು ನನ್ನ ಮುಂದ ಕುಂತಾರ” ಎಂದ ಅಪ್ಪ.

ಆಗ ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಮುಂದಕ್ಕೆ ಬಾಗಿದಳು. ನಲವತ್ತರ ಆಸುಪಾಸು, ಗೋಗಿಯವಳು. ಗಂಡ ಗೋಡೆ ಕಟ್ಟುವ ಗೌಂಡಿ, ಇವಳು ಅವನ ಕೈಗೆ ಕಲ್ಲು, ಸಿಮೆಂಟು ಹೊತ್ತುಕೊಡುವವಳು. ಕೆಲಸ ಇದ್ದಲ್ಲಿಗೆ ಇಬ್ಬರೂ ಹೋಗುತ್ತಾರೆ, ಮುಗಿದ ಮೇಲೆ ಊರಿಗೆ ಬರುತ್ತಾರೆ. ಅಪ್ಪ ದೂರದ್ದರ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದಾಗ ಅವಳಿಗೆ ಗುರುತು ಹತ್ತಿತ್ತು.

“ಅಲ್ಲಿ ನಾವ ಇದ್ವಿ ತಂಗಿ. ಆ ದೊಡ್ಡ ಬಿಲ್ಡಿಂಗ್ ಕಟ್ಟಿದವರು ನಾವೇ. ಕೆಳಗ ಕಲ್ಲಿನ ಮೇಜಿನ ಖೋಲಿ ಅದ ನೋಡು, ಕಲ್ಲಿನ ಬಗ್ಗಿ ಓದಾವರದು ಅಂತ ಬೋರ್ಡ್ ಹಾಕ್ಯಾರ, ಅದರಾಗ ಎಂಟು ತಿಂಗಳು ಒಲಿ ಹೂಡಿ ಸಂಸಾರ ಮಾಡೀವಿ. ಮ್ಯಾಲಿನ ಅಂತಸ್ತಿನ ಕೆಲಸ ಮುಗಿಯೂ ತನಕ ಒಬ್ಬರರೆ ಓದಾವರು ಬಂದು ಬಾಗಿಲಾ ಬಡಿಲಿಲ್ಲ. ಮಷಿನ್ ಇಲ್ಲ, ಮಾಸ್ತರಿಲ್ಲ. ಅಲ್ಲಿ ಹೋಗಬ್ಯಾಡ.”

ಟಂಟಂನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ನನ್ನ ನಾಲ್ಕು ದಿನದ ನೋಟ್‌ಬುಕ್ಕನ್ನು ಅವಳು ಒಂದು ಮಾತಿನಲ್ಲಿ ಹರಿದು ಹಾಕಿದ ಹಾಗಾಯಿತು. ನಾನು ಹೇಳಿದ ಮಾತು ಇವತ್ತಿಗೂ ಬಾಯಲ್ಲಿ ಕಹಿಯಾಗಿದೆ.

“ಅಕ್ಕಾರ, ನೀವು ಸಿಮೆಂಟ್ ಕಲಸಾಕ ಹೋದವರು, ಓದಾಕ ಹೋದವರಲ್ಲ. ಯೂನಿವರ್ಸಿಟಿ ಬಗ್ಗಿ ನಿಮಗೇನ್ ತಿಳೀತದ?”

ಅವಳು ಸಿಟ್ಟಾಗಲಿಲ್ಲ, ಸೆರಗು ಸರಿಮಾಡಿಕೊಂಡು ನಕ್ಕಳು. “ಅದೂ ಖರೇನ ಬಿಡು” ಎಂದಳು. ಅಪ್ಪ ಸೀಮೆಸುಣ್ಣ ತೆಗೆದು ದೂರದ್ದರ ಗೆರೆಯ ಪಕ್ಕ ಮೂರು ಚುಕ್ಕೆ ಇಟ್ಟ. ಒಲೆಯ ಮೂರು ಕಲ್ಲು ಎಂದು ನನಗೆ ತಿಳಿಯಿತು, ಆದರೆ ಕೇಳಲಿಲ್ಲ. ಮನೆಗೆ ಬಂದ ಮೇಲೆ ಬಕೆಟ್ಟಿನಲ್ಲಿ ನೀರು ತಂದು ಆ ತಗಡನ್ನು ಒದ್ದೆ ಬಟ್ಟೆಯಿಂದ ಉಜ್ಜಿದೆ. ರೊಟ್ಟಿಯೂ ಹೋಯಿತು, ಗೆರೆಯೂ ಹೋಯಿತು, ಚುಕ್ಕೆಗಳೂ ಹೋದವು.

ಅಪ್ಪ ಅಂಗಳದಲ್ಲಿ ನಿಂತು ನೋಡಿದ. “ದೂರದ ಬೆಟ್ಟ ನುಣ್ಣಗ ಕಾಣ್ತದಂತ ಹಿರ್ಯಾರು ಹೇಳ್ಯಾರ” ಎಂದ.

“ಬೆಟ್ಟದ ಬಗ್ಗಿ ಓದಿದಾಕಿ ನಾನು” ಎಂದು ಉತ್ತರ ಕೊಟ್ಟೆ. ಅಪ್ಪ ಒಳಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಒಂದು ಸಲ ನನ್ನ ಮಾತು ಮೀರಿ ಬೈದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವನು ಏನು ಮಾಡಿಯಾನು? ಓದಿದ ಮಗಳು ಪಟ್ಟಿ ತೋರಿಸಿದರೆ ಓದದ ಅಪ್ಪ ಸುಮ್ಮನಾಗುತ್ತಾನೆ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೇ ತೋರಿಸಿದ್ದೆ. ದೂರದ್ದಕ್ಕೆ ಸೇರಿದೆ.

ಕಟ್ಟಡ ಭವ್ಯವಾಗಿತ್ತು, ಸುಳ್ಳು ಹೇಳಬಾರದು. ಕೆಳ ಅಂತಸ್ತಿನ ಕೊನೆಯ ಬಾಗಿಲ ಮೇಲೆ ‘ಶಿಲಾ ಪ್ರಯೋಗಾಲಯ’ ಎಂದು ಹೊಳೆಯುವ ಫಲಕ, ಪಕ್ಕದಲ್ಲಿ ಉದ್ಘಾಟನೆಯ ಕಲ್ಲು, ಬಾಗಿಲಿಗೆ ಅಂಗೈಯಗಲದ ಬೀಗ. ವಿಭಾಗದಲ್ಲಿ ನಾವು ಆರು ಜನ ವಿದ್ಯಾರ್ಥಿಗಳು, ಇಬ್ಬರು ಅತಿಥಿ ಉಪನ್ಯಾಸಕರು. ಅವರಲ್ಲಿ ಒಬ್ಬರು ದಸರೆಗೆ ಊರಿಗೆ ಹೋದವರು ತಿರುಗಿ ಬರಲಿಲ್ಲ. ಉಳಿದವರು ಒಳ್ಳೆಯವರೇ, ಪಾಪ. ಹರಳುಗಳ ಚಿತ್ರಗಳನ್ನು ತಮ್ಮ ಮೊಬೈಲಿನಲ್ಲಿ ತೋರಿಸಿ “ಹೀಗಿರುತ್ತದೆ, ಬರೆದುಕೊಳ್ಳಿ” ಎನ್ನುತ್ತಿದ್ದರು. ಬೀಗದ ಕೈ ಕೇಳಿದರೆ ವಿಭಾಗದವರು ಕಚೇರಿ ಎಂದರು, ಕಚೇರಿಯವರು ಗುತ್ತಿಗೆದಾರ ಎಂದರು. ಸಲಕರಣೆ ‘ಬರುವ ಹಂತದಲ್ಲಿದೆ’ ಎಂದು ಎಲ್ಲರೂ ಹೇಳಿದರು. ಆ ಹಂತ ನಾನಿದ್ದ ಎರಡು ವರ್ಷವೂ ಮುಗಿಯಲಿಲ್ಲ.

ಮೂರನೇ ತಿಂಗಳು ನಾವು ಆರೂ ಜನ ಕಚೇರಿಯ ಮುಂದೆ ಕೂತ ಮೇಲೆ ಒಬ್ಬ ಜವಾನ ಬಂದು ಬೀಗ ತೆಗೆದ. ಒಳಗೆ ಕಲ್ಲಿನ ಮೇಜುಗಳ ಸಾಲು, ಮೇಲೆ ಏನೂ ಇಲ್ಲ. ಛಾವಣಿಯ ಕೊಕ್ಕೆಯಲ್ಲಿ ಸೀರೆಯ ತುಂಡೊಂದು ಗಂಟು ಹಾಕಿಕೊಂಡು ನೇತಾಡುತ್ತಿತ್ತು, ಕೂಸಿನ ಜೋಳಿಗೆ ಕಟ್ಟಿದ್ದ ಗಂಟು. ಮೂಲೆಯ ಗೋಡೆಗೆ ಅಲ್ಲೊಂದು ಕಡೆ ಮಾತ್ರ ಹೊಸದಾಗಿ ಸುಣ್ಣ ಬಳಿದಿದ್ದರು, ಸುಣ್ಣದ ಒಳಗಿಂದ ಮಸಿ ಹಳದಿಯಾಗಿ ಎದ್ದು ಬಂದಿತ್ತು. ಗುತ್ತಿಗೆದಾರ ಅರ್ಧ ಗೋಡೆಗೆ ಬಳಿದು ಓಡಿಹೋಗಿದ್ದಾನೆ ಎಂದು ಗೆಳತಿಯರು ನಕ್ಕರು. ನನಗೆ ನಗು ಬರಲಿಲ್ಲ. ಗೋಗಿಯ ಆ ಹೆಂಗಸು ಒಲೆ ಹೂಡಿದ್ದು ಇಲ್ಲೇ. ಆ ದಿನ ಹಾಸ್ಟೆಲಿಗೆ ಹೋಗಿ ನೋಟ್‌ಬುಕ್ ತೆಗೆದು ನೋಡಿದೆ. ದೂರದ್ದನ್ನು ಮೇಲೆ ಕೂರಿಸಿದ ಪಟ್ಟಿಯಲ್ಲಿ ಅದಕ್ಕೆ ಹೆಚ್ಚು ಅಂಕ ಬಂದದ್ದು ಹೊಸ ಕಟ್ಟಡಕ್ಕೆ. ಅಂದರೆ ಅವಳು ಹೊತ್ತ ಸಿಮೆಂಟಿಗೆ. ಆ ಅಂಕವನ್ನು ನಾನು ನಂಬಿದ್ದೆ, ಅವಳನ್ನು ನಂಬಿರಲಿಲ್ಲ.

ಹತ್ತಿರದ್ದರ ಅಧ್ಯಾಪಕರಿಗೆ ಫೋನ್ ಮಾಡಿದೆ. ಆಗಲೂ ಎರಡನೇ ರಿಂಗಿಗೇ ಎತ್ತಿದರು. ನೆನಪಿಟ್ಟುಕೊಂಡಿದ್ದರು ಬೇರೆ. “ಅಯ್ಯ, ಗುಡ್ಡದ ಹುಡುಗಿ! ನಿಮ್ಮ ಸೀಟು ಬ್ಯಾರೆಯವರಿಗಿ ಹೋತಲ್ಲಮ್ಮ. ತಾರೀಖು ಮುಗದದ. ಮುಂದಿನ ವರ್ಷ ಹಾಕ್ರಿ” ಎಂದರು. ಮುಂದಿನ ವರ್ಷ ಎಂಬ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಪಟ್ಟಿ ಮಾಡಿದವರ ಮೇಲೆ ಸಿಟ್ಟು, ಬೀಗ ಹಾಕಿದವರ ಮೇಲೆ ಸಿಟ್ಟು, ಎಲ್ಲಕ್ಕಿಂತ ನನ್ನ ನಾಲಗೆಯ ಮೇಲೆ ಸಿಟ್ಟು. ಮನೆಗೆ ಮಾತ್ರ “ಎಲ್ಲ ಚಲೋ ಅದ” ಎಂದೇ ಹೇಳಿದೆ.

ಸಂಕ್ರಾಂತಿಯ ರಜೆಗೆ ಊರಿಗೆ ಬಂದೆ. ಗೋಗಿಯಲ್ಲಿರುವ ಅಜ್ಜಿಯನ್ನು ನೋಡಿ ಬರಬೇಕೆಂದು ಅಪ್ಪನ ಟಂಟಂ ಹತ್ತಿದೆ. ಪಕ್ಕದ ತಗಡು ನಾನು ತೊಳೆದಿಟ್ಟ ಹಾಗೆಯೇ ಖಾಲಿ ಇತ್ತು. ಊರು ದಾಟುವಾಗ ಗುಡ್ಡದ ಬುಡದಲ್ಲಿ ಒಂದು ಬಸ್ಸು ನಿಂತಿತ್ತು, ಮುಂದೆ ಹತ್ತಿರದ್ದರ ಹೆಸರಿನ ಬ್ಯಾನರ್. ಹತ್ತು ಹನ್ನೆರಡು ಹುಡುಗ ಹುಡುಗಿಯರು ಸುತ್ತಿಗೆ ಹಿಡಿದು ಬಂಡೆಗಳ ನಡುವೆ ಓಡಾಡುತ್ತಿದ್ದರು. ಬಿಳಿಗೂದಲಿನ ಒಬ್ಬರು ಕಲ್ಲಿನ ಚೂರೊಂದನ್ನು ಬಿಸಿಲಿಗೆ ಹಿಡಿದು ಏನೋ ವಿವರಿಸುತ್ತಿದ್ದರು. ಒಬ್ಬ ಹುಡುಗಿ ಅದನ್ನು ಈಸಿಕೊಂಡು ನಾಲಗೆಯ ತುದಿಗೆ ಮುಟ್ಟಿಸಿ ಎಲ್ಲರನ್ನೂ ನಗಿಸಿದಳು. ಅಪ್ಪ ಗಾಡಿ ನಿಧಾನ ಮಾಡಿದ.

“ಇಳಿದು ಮಾತಾಡ್ಸಿ ಬರ್ತಿಯೇನು? ಕಲ್ಲು ಓದೂ ನಿಮ್ಮ ಮಂದಿನೇ ಅಲ್ಲೇನು ಅವರು?”

“ಬ್ಯಾಡ, ನಡಿ” ಎಂದೆ. ನಮ್ಮ ಮನೆಯ ಹಿಂದಿನ ಗುಡ್ಡ. ಅದರ ಮೇಲೆ ಅವರು ಪಾಠ ಕೇಳುತ್ತಿದ್ದರು. ನಾನು ಟಂಟಂನಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದೆ.

ಹಿಂದಿನ ಸೀಟಿನಿಂದ ಯಾರೋ ನನ್ನ ಭುಜ ಮುಟ್ಟಿದರು. ಅವಳೇ. ನಾನು ಹತ್ತುವಾಗ ನೋಡಿರಲಿಲ್ಲ, ಅಥವಾ ನೋಡಬಾರದೆಂದು ನೋಡಿರಲಿಲ್ಲ.

“ಅಲ್ಲೇ ಸೇರಿದ್ಯಂತಲ್ಲ ತಂಗಿ, ನಿಮ್ಮಪ್ಪ ಹೇಳ್ದ. ಆ ಖೋಲಿ ತಗದಾರೇನು?”

ವ್ಯಂಗ್ಯ ಇರಬಹುದೆಂದು ಅವಳ ಮುಖ ನೋಡಿದೆ. ಇರಲಿಲ್ಲ. ಏನೋ ಆತಂಕ ಇತ್ತು.

“ತಗದಾರ್ರಿ ಅಕ್ಕಾರ” ಎಂದೆ.

“ನಾವು ಬಿಟ್ಟು ಬರೂ ಮುಂದ ಮೂರು ಸರ್ತಿ ತೊಳದೀನಿ. ಮಸಿ ಹೋಗವಲ್ದು. ಓದೂ ಮಕ್ಕಳು ಬರ್ತಾರ, ಇಲ್ಲಿ ಯಾರೋ ಒಲಿ ಉರಿಸ್ಯಾರ ಅಂತ ಅಸಹ್ಯ ಮಾಡ್ಕೋತಾರ ಅಂತ ಗಂಡನ ಕೂಡ ಜಗಳಾ ತಗದು ಸುಣ್ಣಾ ತರಿಸಿ ಬಳದೀನಿ. ಈಗ ಕಾಣಸ್ತದೇನು ಅದು?”

ಪಟ್ಟಿ ಮಾಡಿದವರು ಆ ಕಟ್ಟಡಕ್ಕೆ ಅಂಕ ಹಾಕಿದ್ದರು. ಫಲಕ ಹೊಡೆದವರು ಫಲಕ ಹೊಡೆದಿದ್ದರು, ಉದ್ಘಾಟನೆ ಮಾಡಿದವರು ಕತ್ತರಿ ಹಿಡಿದಿದ್ದರು. ಆ ಖೋಲಿಗೆ ಒಂದು ದಿನ ಓದುವ ಮಕ್ಕಳು ಬರುತ್ತಾರೆ ಎಂದು ಯೋಚಿಸಿ ನಮಗಾಗಿ ಕೈ ಮಸಿ ಮಾಡಿಕೊಂಡವಳು ಇವಳೊಬ್ಬಳೇ. ಇವಳನ್ನು ನಾನು ‘ನಿಮಗೇನ್ ತಿಳೀತದ’ ಎಂದು ಕೇಳಿದ್ದೆ. ತಪ್ಪಾಯಿತು ಎನ್ನಬೇಕಿತ್ತು.

“ಇಲ್ರಿ ಅಕ್ಕಾರ, ಏನೂ ಕಾಣ್ಸಂಗಿಲ್ಲ” ಎಂದೆ. “ಛಂದ ಬಳದೀರಿ.”

ಅವಳು ಸಮಾಧಾನದಿಂದ ಹಿಂದಕ್ಕೆ ಒರಗಿದಳು. ಪಕ್ಕದಲ್ಲಿ ಕೂತಿದ್ದವಳಿಗೆ ನನ್ನನ್ನು ತೋರಿಸಿ, “ನಾವು ಕಟ್ಟಿದ ಸಾಲ್ಯಾಗ ಓದಾಕತ್ತಾಳ ಈಕಿ” ಎಂದಳು. ಅಪ್ಪ ಒಮ್ಮೆ ನನ್ನ ಕಡೆ ನೋಡಿದ. ‘ಎಲ್ಲ ಚಲೋ ಅದ’ ಎಂದು ಮನೆಗೆ ನಾನು ಹೇಳಿದ ಸುಳ್ಳು ನನ್ನ ಮುಖ ನೋಡಿಯೇ ಅವನಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಮತ್ತೆ ಗಾಡಿಯ ವೇಗ ಹೆಚ್ಚಿಸಿದ.